ಯಾರ ಹತ್ತಿರ ಹೋಗುವುದು?

ಕೋಟ ಎಂದೊಡನೆ ಕನ್ನಡದ ಓದುಗರಿಗೆ ಶಿವರಾಮ ಕಾರಂತರು ನೆನಪಾಗುತ್ತಾರೆ; ಅವರು ಹುಟ್ಟಿದ ಊರು ಅದು. ಮನಸ್ಸಿನ ಕಾಯಿಲೆಗಳ ಬಗ್ಗೆ ಓದಿಕೊಂಡವರಿಗೆ ಆ ಊರು ಇನ್ನೊಂದು ಕಾರಣಕ್ಕೂ ಗೊತ್ತು. 1976ರಲ್ಲಿ ‘ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ’ ಎಂಬ ಪುಸ್ತಕ ಲಂಡನ್ನಿನಲ್ಲಿ ಅಚ್ಚಾಯಿತು. ಬರೆದವರು ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಎಂಬ ಇಬ್ಬರು ಮನೋವೈದ್ಯರು. ಬ್ರಾಹ್ಮಣರ ಮನೆ, ಬಂಟರ ಮನೆ, ಮೊಗವೀರರ ಮನೆ ಎಂದು ಮನೆಮನೆಗೂ ಹೋಗಿ, ನಿದ್ದೆ ಬರುತ್ತದೆಯೇ, ಹೆದರಿಕೆ ಆಗುತ್ತದೆಯೇ, ಮೈಮೇಲೆ ಬರುವುದುಂಟೇ ಎಂದು ಕೇಳಿ ಮಾಡಿದ ಅಧ್ಯಯನ ಅದು. ಕಪೂರರು ಅದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಹಿಡಿದು ಹೊರಟಿದ್ದರು. ಮನಸ್ಸು ಕೆಟ್ಟಾಗ ಈ ಜನ ಯಾರ ಹತ್ತಿರ ಹೋಗುತ್ತಾರೆ? ಸಿಕ್ಕ ಉತ್ತರವನ್ನು 1975ರಲ್ಲೇ ಬ್ರಿಟನ್ನಿನ ಮನೋವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ್ದರು.

ನಾನು ಹುಟ್ಟಿದ್ದು ಕೋಟಕ್ಕೆ ಬಡಗಿನಲ್ಲಿ, ಕುಂದಾಪುರದ ಆಚೆ, ಹೊಳೆದಂಡೆಯ ಒಂದು ಹಳ್ಳಿಯಲ್ಲಿ. ಆ ಬರಹ ಕಣ್ಣಿಗೆ ಬಿದ್ದಾಗ ಬೆಂಗಳೂರಿನ ಕಾಲೇಜೊಂದರಲ್ಲಿ ಮನಶ್ಶಾಸ್ತ್ರ ಪಾಠ ಹೇಳುತ್ತಿದ್ದೆ. ನಿವೃತ್ತಿಯಾದ ಮೇಲೆ ಒಂದು ಆಪ್ತಸಲಹಾ ಕೇಂದ್ರದಲ್ಲಿ ಮಧ್ಯಾಹ್ನದ ಹೊತ್ತು ಕೂತಿರುತ್ತೇನೆ. ಫೋನ್ ಮಾಡುವವರ ಮೊದಲ ಮಾತು ಬಹುಪಾಲು ಒಂದೇ: ‘ಮೇಡಂ, ನಾವು ಯಾರಿಗೆ ತೋರಿಸ್ಬೇಕು? ಸೈಕಿಯಾಟ್ರಿಸ್ಟಾ, ಸೈಕಾಲಜಿಸ್ಟಾ, ಕೌನ್ಸೆಲರಾ?’ ಇದು ಪಟ್ಟಣದವರ ಹೊಸ ಗೊಂದಲ ಎಂದುಕೊಳ್ಳುವವರಿದ್ದಾರೆ. ಹಾಗಲ್ಲ. ಈ ಆಯ್ಕೆಗೆ ನಮ್ಮ ನಾಡಿನಲ್ಲಿ ಉದ್ದನೆಯ ಇತಿಹಾಸವಿದೆ. ಒಂದು ಕಾಲದಲ್ಲಿ ಅದು ಮನೆಯ ಹಿರಿಯರ ಕೈಯಲ್ಲಿತ್ತು, ಆಮೇಲೆ ಮ್ಯಾಜಿಸ್ಟ್ರೇಟರ ಕೈಗೆ ಹೋಯಿತು, ಅಲ್ಲಿಂದ ಡಾಕ್ಟರ ಕೈಗೆ ಬಂತು. ನೊಂದವರ ಕೈಗೆ ಅದು ಬರುತ್ತಿರುವುದು ಈಗೀಗ, ಅದೂ ತುಂಬ ನಿಧಾನವಾಗಿ.

ಕಪೂರರು ಕೋಟದಲ್ಲಿ ಇಂಗ್ಲಿಷ್ ಮದ್ದು ಕೊಡುವ ಡಾಕ್ಟರರನ್ನು ಬಿಟ್ಟು ಮೂರು ಬಗೆಯ ಚಿಕಿತ್ಸಕರನ್ನು ಗುರುತಿಸಿದರು. ಮೊದಲನೆಯವರು ವೈದ್ಯರು, ನಮ್ಮ ಬಾಯಲ್ಲಿ ‘ಪಂಡಿತರು’. ನಾಡಿ ಹಿಡಿದು, ವಾತ ಪಿತ್ತ ಉಷ್ಣ ಎಂದು ಲೆಕ್ಕ ಹಾಕಿ, ಕಷಾಯ, ತಲೆಗೆ ತೈಲ, ಪಥ್ಯ ಹೇಳುವವರು. ಎರಡನೆಯವರು ಮಂತ್ರವಾದಿಗಳು. ಗ್ರಹಗತಿ ನೋಡಿ, ಮಂತ್ರ ಹಾಕಿ, ಯಂತ್ರವನ್ನೋ ನೂಲನ್ನೋ ಕಟ್ಟಿ ಕಳಿಸುವವರು. ಮೂರನೆಯವರು ಪಾತ್ರಿಗಳು. ಇವರು ಕಲಿತು ಆದವರಲ್ಲ. ದೈವ ಇವರ ಮೈಮೇಲೆ ಬಂದು ಇವರ ಬಾಯಿಂದ ಮಾತಾಡುತ್ತದೆ ಎಂಬ ನಂಬಿಕೆ. ಮಂತ್ರವಾದಿಯ ಕೆಲಸ ಬಾಗಿಲ ಮರೆಯಲ್ಲಿ ನಡೆಯುವಂಥದು. ಪಾತ್ರಿಯ ದರ್ಶನ ಊರ ಮುಂದೆ, ಹತ್ತು ಜನರ ಎದುರು. ಈ ವ್ಯತ್ಯಾಸವನ್ನು ನಾನು ತುಂಬ ದೊಡ್ಡದೆಂದು ಎಣಿಸುತ್ತೇನೆ, ಯಾಕೆಂದು ಮುಂದೆ ಹೇಳುತ್ತೇನೆ.

ಕಪೂರರಿಗೆ ಕಂಡ ಮುಖ್ಯ ಸಂಗತಿಯೆಂದರೆ ಜನ ಒಬ್ಬರಿಗೇ ಅಂಟಿಕೊಳ್ಳುತ್ತಿರಲಿಲ್ಲ. ಡಾಕ್ಟರ ಹತ್ತಿರ ಹೋದವರೇ ಪಾತ್ರಿಯ ಹತ್ತಿರವೂ ಹೋಗುತ್ತಿದ್ದರು, ಅದರಲ್ಲಿ ಅವರಿಗೆ ವಿರೋಧವೇ ಕಾಣುತ್ತಿರಲಿಲ್ಲ. ಈ ಚಿಕಿತ್ಸಕರನ್ನು ದೂರ ತಳ್ಳಿ ಹಳ್ಳಿಗಳಲ್ಲಿ ಮಾನಸಿಕ ಆರೋಗ್ಯದ ಕೆಲಸ ಮಾಡಲಾಗದು, ಅವರನ್ನು ಜೊತೆಗೆ ಕರೆದುಕೊಳ್ಳುವ ದಾರಿ ಹುಡುಕಬೇಕು ಎಂಬ ನಿಲುವಿಗೆ ಅವರು ಬಂದರು. ವಿದೇಶದಲ್ಲಿ ಓದಿ ಬಂದ ಮನೋವೈದ್ಯರೊಬ್ಬರು ಎಪ್ಪತ್ತರ ದಶಕದಲ್ಲಿ ಹೀಗೆ ಹೇಳುವುದಕ್ಕೆ ಧೈರ್ಯ ಬೇಕಿತ್ತು. ಮುಂದೆ ಅವರು ಸನ್ಯಾಸಿಗಳ ಜೊತೆ ಕಾಲ ಕಳೆದು, ತಾವೇ ಯೋಗಾಭ್ಯಾಸಕ್ಕೆ ಕೂತು ಅದರ ಬಗ್ಗೆಯೂ ಬರೆದರು. ನೋಡದೆ ತಳ್ಳಿಹಾಕುವ ಸ್ವಭಾವದವರಲ್ಲ.

ನಮ್ಮ ಚಿಕ್ಕಮ್ಮನ ವಿಷಯ ಹೇಳಿದರೆ ಇದೆಲ್ಲ ಸ್ಪಷ್ಟವಾದೀತು. ಅರವತ್ತರ ದಶಕದ ಕೊನೆಯ ಮಾತು. ಎರಡನೆಯ ಹೆರಿಗೆಯಾದ ಮೇಲೆ ಚಿಕ್ಕಮ್ಮ ಮಾತು ಬಿಟ್ಟರು. ಮಗುವನ್ನು ಎತ್ತಿಕೊಳ್ಳುತ್ತಿರಲಿಲ್ಲ, ರಾತ್ರಿ ಎದ್ದು ಬಾವಿಕಟ್ಟೆಯ ಹತ್ತಿರ ಹೋಗಿ ಕೂರುತ್ತಿದ್ದರು. ಗಂಡನ ಮನೆಯವರು ಬಾಣಂತಿಗೆ ಸೊಕ್ಕು ಎಂದರು. ಅಜ್ಜಿ ಹೋಗಿ ತವರಿಗೆ ಕರೆತಂದರು. ಮೊದಲು ಪಂಡಿತರು ಬಂದರು, ಎಣ್ಣೆ ಕಷಾಯ ನಡೆಯಿತು. ಅದರಿಂದ ಆಗಲಿಲ್ಲ. ಮಂತ್ರವಾದಿಯೊಬ್ಬರು ನೂಲು ಕಟ್ಟಿದರು, ಹಣ ಜಾಸ್ತಿ ಕೇಳಿದರು, ಮತ್ತೆ ಬರುತ್ತೇನೆಂದಾಗ ಅಜ್ಜಿ ಬೇಡವೆಂದರು. ಆಮೇಲೆ ದರ್ಶನಕ್ಕೆ ಹೋದದ್ದು. ಕೈಯಲ್ಲಿ ಅಡಿಕೆಯ ಸಿಂಗಾರ ಹಿಡಿದು ನಡುಗುತ್ತಿದ್ದ ಪಾತ್ರಿ ಎರಡೂ ಮನೆಯ ಗಂಡಸರನ್ನು ಮುಂದೆ ಕರೆಸಿ, ತಪ್ಪು ಈ ಹೆಣ್ಣಿನದಲ್ಲ, ನಿಮ್ಮದು, ನಾಗಬನ ಪಾಳು ಬಿಟ್ಟಿದ್ದೀರಿ ಎಂದು ಗದರಿತು. ಬನ ಸರಿಮಾಡಿಸುವ ಖರ್ಚನ್ನು ಗಂಡನ ಮನೆಯವರು ಹೊತ್ತರು. ಅದಾಗಿ ಕೆಲವೇ ದಿನಕ್ಕೆ ಸೋದರಮಾವ ಮಣಿಪಾಲಕ್ಕೂ ಕರೆದುಕೊಂಡು ಹೋದರು. ಅಲ್ಲಿಯ ಡಾಕ್ಟರು ಮಾತ್ರೆ ಕೊಟ್ಟರು, ಚಿಕ್ಕಮ್ಮನಿಗೆ ನಿದ್ದೆ ಬಂತು, ಮಳೆಗಾಲ ಮುಗಿಯುವ ಹೊತ್ತಿಗೆ ಮಗುವಿಗೆ ಹಾಲೂಡಿಸುತ್ತಿದ್ದರು.

ಗುಣ ಮಾಡಿದ್ದು ಯಾರು ಎಂಬ ಚರ್ಚೆ ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ. ಓದಿದವಳಾಗಿ ನಾನು ಹೇಳುವುದಿಷ್ಟು: ಅದು ಬಾಣಂತನದ ತೀವ್ರ ಖಿನ್ನತೆ, ಮಾತ್ರೆ ಇಲ್ಲದಿದ್ದರೆ ಚಿಕ್ಕಮ್ಮ ಉಳಿಯುತ್ತಿದ್ದರೋ ಇಲ್ಲವೋ. ಆದರೆ ‘ತಪ್ಪು ಈ ಹೆಣ್ಣಿನದಲ್ಲ’ ಎಂದು ಹತ್ತು ಜನರ ಮುಂದೆ ಹೇಳಬಲ್ಲವರು ಮಣಿಪಾಲದಲ್ಲಿ ಇರಲಿಲ್ಲ. ಚಿಕ್ಕಮ್ಮ ವಾಪಸು ಹೋದ ಮನೆ ಅವರನ್ನು ಆಡಿಕೊಳ್ಳದ ಮನೆಯಾಗಿತ್ತು ಎಂಬುದಕ್ಕೆ ಆ ದರ್ಶನವೇ ಕಾರಣ. ಊರ ಮುಂದೆ ನಡೆಯುವುದಕ್ಕೂ ಮರೆಯಲ್ಲಿ ನಡೆಯುವುದಕ್ಕೂ ಇರುವ ಅಂತರ ಇದು. ಮರೆಯಲ್ಲಿ ಏನು ಬೇಕಾದರೂ ಆಗಬಹುದು. ಬೆತ್ತದಲ್ಲಿ ಹೊಡೆದು ಭೂತ ಬಿಡಿಸಿದವರ ಕತೆ ನಮ್ಮ ಕಡೆ ಕೇಳದವರಿಲ್ಲ. ಹಾಗೆ ಹೊಡೆಸಿಕೊಂಡ ಒಬ್ಬಳ ಬೆನ್ನನ್ನು ನಾನು ಚಿಕ್ಕವಳಿದ್ದಾಗ ನೋಡಿದ್ದೇನೆ. ಹಳೆಯದೆಲ್ಲ ಒಳ್ಳೆಯದಿತ್ತು ಎಂದು ನನ್ನ ಬಾಯಲ್ಲಿ ಯಾವತ್ತೂ ಬಾರದು.

ಅಜ್ಜಿಗೆ ಓದು ಬರಹ ಗೊತ್ತಿರಲಿಲ್ಲ. ಆದರೂ ಆಯ್ಕೆಯ ಕ್ರಮ ಗೊತ್ತಿತ್ತು. ಹೋಗುವ ಮೊದಲು ಅಲ್ಲಿಗೆ ಹೋಗಿಬಂದವರನ್ನು ಕೇಳುತ್ತಿದ್ದರು. ಬಡವರು ಹೋದರೆ ಹೇಗೆ ಮಾತಾಡಿಸುತ್ತಾರೆಂದು ವಿಚಾರಿಸುತ್ತಿದ್ದರು. ಮೊದಲ ದಿನವೇ ಹೆಚ್ಚು ಹಣ ಕೇಳಿದರೆ ಅಲ್ಲಿಂದ ಎದ್ದು ಬರುತ್ತಿದ್ದರು. ಎಷ್ಟು ದಿನ ಕಾಯುವುದೆಂದು ಮೊದಲೇ ನಿಶ್ಚಯ ಮಾಡಿಕೊಳ್ಳುತ್ತಿದ್ದರು. ‘ಒಬ್ರ್ ಹತ್ರ ಗುಣ ಆಗ್ದಿದ್ರೆ ಇನ್ನೊಬ್ರ್ ಹತ್ರ ಹ್ವಾಪ, ಅದ್ರಗೆ ನಾಚ್ಕಿ ಎಂತಕೆ?’ ಎನ್ನುತ್ತಿದ್ದರು. ಒಂದು ಕೊರತೆ ಮಾತ್ರ ಇತ್ತು, ಸಣ್ಣದೇನಲ್ಲ: ಚಿಕ್ಕಮ್ಮನನ್ನು ಯಾರೂ ಏನೂ ಕೇಳಲಿಲ್ಲ.

ಆಸ್ಪತ್ರೆಯ ಕತೆ ಬೇರೆ. ಬೆಂಗಳೂರಿನಲ್ಲಿ ‘ಲುನಾಟಿಕ್ ಅಸೈಲಮ್’ ಶುರುವಾದದ್ದು 1847ರಲ್ಲಿ. ಧಾರವಾಡದ ಆಸ್ಪತ್ರೆಯೂ ಸುಮಾರು ಅದೇ ಕಾಲದ್ದು. ಆ ಶತಮಾನದ ಹುಚ್ಚಾಸ್ಪತ್ರೆಗೆ ಯಾರೂ ಆರಿಸಿಕೊಂಡು ಹೋಗುತ್ತಿರಲಿಲ್ಲ, ಕಳಿಸಲ್ಪಡುತ್ತಿದ್ದರು. ಬೀದಿಯಲ್ಲಿ ಅಲೆಯುತ್ತಿದ್ದವರನ್ನು ಪೊಲೀಸರು ತಂದು ಬಿಡುತ್ತಿದ್ದರು. ಬ್ರಿಟಿಷ್ ಇಂಡಿಯಾದ 1912ರ ಲೂನಸಿ ಕಾಯ್ದೆಯ ಪ್ರಕಾರ, ಮನೆಯವರು ಅರ್ಜಿ ಕೊಟ್ಟರೂ ಮ್ಯಾಜಿಸ್ಟ್ರೇಟರ ಆರ್ಡರ್ ಆದ ಮೇಲೇ ದಾಖಲು. ಸ್ವಾತಂತ್ರ್ಯ ಬಂದರೂ ಆ ಕಾಯ್ದೆ ಹೋಗಲಿಲ್ಲ. ಅದರ ಜಾಗಕ್ಕೆ 1987ರಲ್ಲಿ ಮಾನಸಿಕ ಆರೋಗ್ಯ ಕಾಯ್ದೆ ಬಂತು, ಜಾರಿಗೆ ಬಂದದ್ದು 1993ರಲ್ಲಿ. ಅಷ್ಟು ಕಾಲ, ಕಾಯಿಲೆ ಬಿದ್ದವರ ವಿಚಾರ ಕೋರ್ಟಿನ ಕಾಗದವಾಗಿತ್ತು. ನಮ್ಮ ಜನ ಆಸ್ಪತ್ರೆಗೆ ಹೆದರಿದ್ದು ಮೂಢನಂಬಿಕೆಯಿಂದ ಎಂದು ಬರೆಯುವವರು ಈ ಕಾಯ್ದೆಯನ್ನು ಒಮ್ಮೆ ಓದಬೇಕು.

ಬೆಂಗಳೂರಿನ ಆಸ್ಪತ್ರೆ ಮಾತ್ರ ಬೇಗ ದಾರಿ ಬದಲಿಸಿತು. 1925ರಲ್ಲಿ ಮೈಸೂರು ಸರ್ಕಾರ ಅದಕ್ಕೆ ‘ಮೆಂಟಲ್ ಹಾಸ್ಪಿಟಲ್’ ಎಂದು ಹೊಸ ಹೆಸರಿಟ್ಟಿತು. ಡಾ. ಫ್ರಾಂಕ್ ನರೋನ್ಹಾ ಸೂಪರಿಂಟೆಂಡೆಂಟರಾಗಿದ್ದ ಕಾಲ ಅದು. ಮೂವತ್ತರ ದಶಕದಲ್ಲಿ ಲಕ್ಕಸಂದ್ರದ ಬಯಲಿನಲ್ಲಿ, ಹೊಸೂರು ರಸ್ತೆಯ ಪಕ್ಕ, ಹೊಸ ಕಟ್ಟಡಗಳಾದವು. ಈಗ ನಿಮ್ಹಾನ್ಸ್ ಇರುವ ಜಾಗವೇ ಅದು. ನರೋನ್ಹಾ ಅವರ ನಂತರ ಬಂದ ಡಾ. ಎಂ.ವಿ. ಗೋವಿಂದಸ್ವಾಮಿ, 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಅಲ್ಲೇ ಶುರುವಾದಾಗ, ಅದರ ಮೊದಲ ನಿರ್ದೇಶಕರಾದರು. ಮರುವರ್ಷದಿಂದಲೇ ಮನೋವೈದ್ಯರ ಜೊತೆಗೆ ಚಿಕಿತ್ಸಾ ಮನಶ್ಶಾಸ್ತ್ರಜ್ಞರಿಗೂ ತರಬೇತಿ ಆರಂಭವಾಯಿತು. ಮದ್ದು ಬರೆಯದೆ, ಮಾತಿನಿಂದಲೇ ಚಿಕಿತ್ಸೆ ಮಾಡುವ ಒಂದು ಕಸುಬು ಕನ್ನಡ ನಾಡಿನಲ್ಲಿ ನೆಲೆಯೂರಿದ್ದು ಹೀಗೆ. 1974ರ ಡಿಸೆಂಬರಿನಲ್ಲಿ ಹಳೆಯ ಆಸ್ಪತ್ರೆಯೂ ಆ ಸಂಸ್ಥೆಯೂ ಸೇರಿ ನಿಮ್ಹಾನ್ಸ್ ಆಯಿತು.

ಈ ಪ್ರಗತಿಯ ನಡುವೆ ಕಹಿಯೂ ಇದೆ. ಮದ್ದುಗಳು ಇನ್ನೂ ಬಾರದ ನಲವತ್ತರ ದಶಕದಲ್ಲಿ ಬೆಂಗಳೂರಿನಲ್ಲೂ, ಲೋಕದ ಬೇರೆ ಕಡೆಗಳಂತೆ, ಮಿದುಳಿನ ಎಳೆಗಳನ್ನು ಕತ್ತರಿಸುವ ಲ್ಯೂಕಾಟಮಿ ಶಸ್ತ್ರಚಿಕಿತ್ಸೆ ನಡೆಯಿತು. ಮಾಡಿದವರು ಕೆಟ್ಟವರಲ್ಲ, ಆಗಿನ ವೈದ್ಯಶಾಸ್ತ್ರ ಅದನ್ನೇ ದೊಡ್ಡ ಸಾಧನೆ ಎಂದಿತ್ತು. ಆದರೆ ಒಬ್ಬ ಮನುಷ್ಯನ ಮಿದುಳಿಗೆ ಕತ್ತರಿ ಹಾಕುವ ನಿರ್ಧಾರದಲ್ಲಿ ಆ ಮನುಷ್ಯನ ಮಾತಿಗೆ ಎಷ್ಟು ಬೆಲೆಯಿತ್ತು? ಪಾಠ ಹೇಳುವಾಗ ಈ ಭಾಗಕ್ಕೆ ಬಂದರೆ ನನ್ನ ದನಿ ಏರುತ್ತಿತ್ತು.

ಮನೆಯವರನ್ನು ಆಸ್ಪತ್ರೆಯ ಒಳಗೆ ಬಿಟ್ಟುಕೊಂಡದ್ದು ನಮ್ಮ ದೇಶದ ಹೆಚ್ಚುಗಾರಿಕೆ. ಐವತ್ತರ ದಶಕದಲ್ಲಿ ಅಮೃತಸರದ ಡಾ. ವಿದ್ಯಾಸಾಗರ್ ಆಸ್ಪತ್ರೆಯ ಅಂಗಳದಲ್ಲಿ ಡೇರೆ ಹೊಡೆಸಿ, ರೋಗಿಗಳ ಜೊತೆ ಬಂಧುಗಳನ್ನೂ ಇರಿಸಿಕೊಂಡರು. ವೆಲ್ಲೂರಿನಲ್ಲೂ ಹಾಗೇ ಆಯಿತು. ನಿಮ್ಹಾನ್ಸ್ ಎಪ್ಪತ್ತರ ದಶಕದಲ್ಲಿ ಕುಟುಂಬ ಚಿಕಿತ್ಸೆಗೆಂದೇ ವಿಭಾಗ ಮಾಡಿತು. ಅಜ್ಜಿಯಂಥವರಿಗೆ ಮತ್ತೆ ಜಾಗ ಸಿಕ್ಕಿತು ಎನ್ನಬಹುದು.

ಇನ್ನು ನಾನು ಮತ್ತೆ ಮತ್ತೆ ಓದುವ ಒಂದು ಬರಹದ ವಿಚಾರ. ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಎನ್.ಸಿ. ಸೂರ್ಯ, ಜಯರಾಂ ಅವರ ಜೊತೆ 1964ರಲ್ಲಿ ಬರೆದದ್ದು. ಪಶ್ಚಿಮದ ಪುಸ್ತಕದಲ್ಲಿರುವ ರೋಗಿ ನಮ್ಮ ಹೊರರೋಗಿ ವಿಭಾಗಕ್ಕೆ ಬರುವವನಲ್ಲ ಎಂಬುದು ಅದರ ತಿರುಳು. ನಮ್ಮವನು ಒಳಮನಸ್ಸಿನ ವಿಶ್ಲೇಷಣೆ ಕೇಳಿಕೊಂಡು ಬರುವುದಿಲ್ಲ, ಈಗಿನ ಕಷ್ಟಕ್ಕೆ ನೇರ ಆಸರೆ ಕೇಳುತ್ತಾನೆ. ಗಡಿಯಾರ ನೋಡಿ ಎದ್ದು ಹೋಗುವುದಿಲ್ಲ, ಡಾಕ್ಟರನ್ನು ಮನೆಯ ಹಿರಿಯನಂತೆ ಹಿಡಿದುಕೊಳ್ಳುತ್ತಾನೆ. ರೋಗಿಗಳು ಆಡುವ ಮಾತಿಗೆ, ಅವರು ಬದುಕುವ ಬದುಕಿಗೆ ನಾವು ಹತ್ತಿರವಾಗದಿದ್ದರೆ ಪಶ್ಚಿಮದ ಶಾಸ್ತ್ರದ ಅಣಕುಬೊಂಬೆಗಳಾಗುತ್ತೇವೆ ಎಂದು ಅವರು ಸಹೋದ್ಯೋಗಿಗಳನ್ನು ಎಚ್ಚರಿಸಿದರು. ಅರವತ್ತು ವರ್ಷ ದಾಟಿದ ಮಾತು. ಇವತ್ತಿಗೂ ಬೆಂಗಳೂರಿನ ಎಷ್ಟು ಕ್ಲಿನಿಕ್ಕುಗಳಲ್ಲಿ ಒಬ್ಬ ಚಿಂತಾಮಣಿಯ ರೈತ ತನ್ನ ಸಂಕಟವನ್ನು ತನ್ನ ಮಾತಿನಲ್ಲೇ ಹೇಳಿಕೊಳ್ಳಬಲ್ಲ? ‘ಎದೆ ಹಿಡ್ಕೊಂಡಂಗಾಗ್ತದೆ, ಹೊಟ್ಟೆಯೊಳಗೆ ಬೆಂಕಿ ಬಿದ್ದಂಗಾಗ್ತದೆ’ ಎಂದವನಿಗೆ ಎದುರಿನವರು ಇಂಗ್ಲಿಷಿನ ನಮೂನೆ ತುಂಬಿಸಲು ಕೊಟ್ಟರೆ ಅವನು ಎರಡನೆಯ ಸಲ ಬಾರನು. ಭಾಷೆಯನ್ನು ನಾನು ಸೌಕರ್ಯದ ಮಾತೆಂದು ಎಣಿಸುವುದಿಲ್ಲ. ಚಿಕಿತ್ಸಕರ ಆಯ್ಕೆಯಲ್ಲಿ ಪದವಿಯ ಪಕ್ಕದಲ್ಲೇ ಅದಕ್ಕೆ ಜಾಗ.

1973ರಲ್ಲಿ ಮನೋವೈದ್ಯ ಡಾ. ಜೆ.ಎಸ್. ನೇಕಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ನಮ್ಮಲ್ಲಿ ಚಿಕಿತ್ಸಕ–ರೋಗಿ ಸಂಬಂಧಕ್ಕೆ ಗುರು–ಶಿಷ್ಯ ಸಂಬಂಧವೇ ಸರಿಯಾದ ಮಾದರಿಯಾಗಬಲ್ಲದು ಎಂದರು. ಇದರ ಬಗ್ಗೆ ನನ್ನ ವಿದ್ಯಾರ್ಥಿಗಳೊಡನೆ ಪ್ರತಿವರ್ಷ ವಾದವಾಗುತ್ತಿತ್ತು. ಗುರುವಿನಲ್ಲಿ ಭರವಸೆ ಇರುತ್ತದೆ, ನಿಜ. ಆದರೆ ಗುರುವನ್ನು ಪ್ರಶ್ನಿಸುವುದು ಕಷ್ಟ, ಬಿಟ್ಟು ಹೋಗುವುದು ಇನ್ನೂ ಕಷ್ಟ. ಬಿಟ್ಟು ಹೋಗಲಾರದ ಕಡೆ ಆಯ್ಕೆ ಎಂಬುದಿಲ್ಲ. ಹೆಂಗಸರ ಮಟ್ಟಿಗಂತೂ ಪ್ರಶ್ನೆಗೆ ಸಿಗದ ಗುರು ಅಪಾಯವೇ. ನೇಕಿಯವರ ಬಗ್ಗೆ ನನಗಿರುವ ಗೌರವ ದೊಡ್ಡದು, ಈ ಒಂದು ಮಾತನ್ನು ಮಾತ್ರ ನಾನು ಒಪ್ಪಿಲ್ಲ.

ಆಸ್ಪತ್ರೆಗೆ ಹೋಗುವ ಮೊದಲೇ ಕನ್ನಡಿಗರು ಮನಶ್ಶಾಸ್ತ್ರದ ಪರಿಚಯ ಮಾಡಿಕೊಂಡದ್ದು ಓದಿನಿಂದ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾದದ್ದು 1924ರಲ್ಲಿ, ಎಂ.ವಿ. ಗೋಪಾಲಸ್ವಾಮಿಯವರಿಂದ. 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಆರಂಭಿಸಿ ‘ಆಕಾಶವಾಣಿ’ಯನ್ನು ಕೇಳಿಸಿದವರೂ ಅವರೇ. ಮನಸ್ಸಿನ ವಿದ್ಯೆಯನ್ನು ಕಲಿಸಿದ ಮೇಷ್ಟರೇ ಜನರ ಮನೆಯೊಳಗೆ ದನಿ ತಲುಪಿಸುವ ಹುಚ್ಚನ್ನೂ ಹಚ್ಚಿಕೊಂಡಿದ್ದರು ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದ ತ್ರಿವೇಣಿ ‘ಶರಪಂಜರ’ ಬರೆದರು. ಪುಟ್ಟಣ್ಣ ಕಣಗಾಲ್ ಅದನ್ನು ಸಿನಿಮಾ ಮಾಡಿದರು, ಕಲ್ಪನಾ ಕಾವೇರಿಯಾದರು. ಆ ಕತೆಯಲ್ಲಿ ಕಾವೇರಿಗೆ ಚಿಕಿತ್ಸೆ ಸರಿಯಾಗಿಯೇ ಸಿಗುತ್ತದೆ. ಗುಣವಾಗಿ ಬಂದವಳನ್ನು ಮನೆ ತನ್ನವಳೆಂದು ಒಪ್ಪಿಕೊಳ್ಳುವುದಿಲ್ಲ, ಅಷ್ಟೇ. ನಮ್ಮ ಚಿಕ್ಕಮ್ಮನಿಗೆ ಸಿಕ್ಕಿದ್ದು ಕಾವೇರಿಗೆ ಸಿಗಲಿಲ್ಲ.

‘ಕೊರವಂಜಿ’ಯ ರಾಶಿ, ಅಂದರೆ ಡಾ. ಎಂ. ಶಿವರಾಂ, ನಗೆಬರಹದಷ್ಟೇ ಶ್ರದ್ಧೆಯಿಂದ ಮನಸ್ಸಿನ ಬಗ್ಗೆ ಬರೆದವರು. ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆಮೇಲೆ ನಿಮ್ಹಾನ್ಸಿನ ಡಾ. ಸಿ.ಆರ್. ಚಂದ್ರಶೇಖರ್ ಪುಸ್ತಕದ ಮೇಲೆ ಪುಸ್ತಕ ಬರೆದು, ಪತ್ರಿಕೆಗಳಲ್ಲಿ ಓದುಗರಿಗೆ ಉತ್ತರಿಸಿ, ಖಿನ್ನತೆಯೂ ಗೀಳೂ ಕಾಯಿಲೆಗಳೇ, ಮದ್ದಿದೆ ಎಂದು ಹಳ್ಳಿಯ ಮೂಲೆಗೂ ಮುಟ್ಟಿಸಿದರು. ಬೆಂಗಳೂರಿನಲ್ಲಿ ‘ಸಮಾಧಾನ’ ಎಂಬ ಆಪ್ತಸಲಹಾ ಕೇಂದ್ರ ತೆರೆದು ಉಚಿತವಾಗಿ ನಡೆಸಿದರು. ವಾರಪತ್ರಿಕೆಯ ಆ ಪ್ರಶ್ನೋತ್ತರದ ಪುಟವನ್ನು ಯಾರೂ ಹಗುರಾಗಿ ಕಾಣಬಾರದು. ಹೆಸರು ಹೇಳದೆ, ಊರು ಹೇಳದೆ, ಒಂದು ಕಾರ್ಡಿನಲ್ಲಿ ಬರೆದು ಹಾಕಿದ ಹೆಣ್ಣುಮಗಳಿಗೆ ಅದು ಬದುಕಿನ ಮೊದಲ ಸ್ವಂತ ಆಯ್ಕೆಯಾಗಿರುತ್ತಿತ್ತು. ಅಪ್ಪನಿಗೆ, ಗಂಡನಿಗೆ, ಅತ್ತೆಗೆ ತಿಳಿಯದಂತೆ ಒಬ್ಬ ತಜ್ಞರನ್ನು ಅವಳೇ ಆರಿಸಿಕೊಂಡಿದ್ದಳು.

ಆಯ್ಕೆಗೆ ಬಸ್ ಚಾರ್ಜೂ ಬೇಕು. ಇದನ್ನು ಮೊದಲು ಅರ್ಥ ಮಾಡಿಕೊಂಡವರು ನಿಮ್ಹಾನ್ಸಿನ ಸಮುದಾಯ ಮನೋವೈದ್ಯಕೀಯ ವಿಭಾಗದವರು. 1975ರಲ್ಲಿ ಶುರುವಾದ ಆ ವಿಭಾಗ ಬನ್ನೇರುಘಟ್ಟದ ಕಡೆಯ ಸಕಲವಾರದಲ್ಲಿ ಕೇಂದ್ರ ಮಾಡಿಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೂ ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗ ಗುರುತಿಸಲು ಕಲಿಸಿತು. ಎಂಬತ್ತರ ದಶಕದ ನಡುವಿನಿಂದ ಬಳ್ಳಾರಿ ಜಿಲ್ಲೆಯಲ್ಲಿ ಆ ಕೆಲಸ ಇಡೀ ಜಿಲ್ಲೆಯ ಮಟ್ಟದಲ್ಲಿ ನಡೆಯಿತು. ಅದನ್ನೇ ಮಾದರಿ ಮಾಡಿಕೊಂಡು 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭಿಸಿತು. ಬೆಂಗಳೂರಿಗೆ ಬರಲಾಗದವರು ಈಗ ಜಿಲ್ಲಾಸ್ಪತ್ರೆಯಲ್ಲೇ ಮನೋವೈದ್ಯರನ್ನು ಕಾಣಬಹುದು. ನಾನು ಫೋನಿನಲ್ಲಿ ಮೊದಲು ಕೇಳುವುದೂ ‘ನಿಮ್ಮದು ಯಾವ ಊರು?’ ಎಂದೇ. ಎಷ್ಟೇ ದೊಡ್ಡ ತಜ್ಞರಾಗಲಿ, ತಿಂಗಳಿಗೊಮ್ಮೆ ಹೋಗಲಾಗದಷ್ಟು ದೂರವಿದ್ದರೆ ಮದ್ದು ನಡುವೆಯೇ ನಿಲ್ಲುತ್ತದೆ.

ತೊಂಬತ್ತರ ದಶಕದಿಂದ ಈಚೆಗೆ ಬೆಂಗಳೂರಿನಲ್ಲಿ ಆಪ್ತಸಲಹೆಯ ಬೋರ್ಡುಗಳು ಹೆಚ್ಚಿದವು. ಮನೆ ಬಿಟ್ಟು ಬಂದ ಯುವಕರು, ರಾತ್ರಿ ಪಾಳಿ, ಇಬ್ಬರೇ ಇರುವ ಸಂಸಾರ. ಅಜ್ಜಿಯಿಲ್ಲದ ಮನೆಗಳಿಗೆ ಬೇರೆ ಆಸರೆ ಬೇಕಾಯಿತು. ತರಬೇತಿ ಪಡೆದ ಸ್ವಯಂಸೇವಕರು ತುಂಬ ಒಳ್ಳೆಯ ಕೆಲಸ ಮಾಡಿದ್ದಾರೆ, ನಾನೂ ಅವರಲ್ಲೊಬ್ಬಳು. ಆದರೆ ವಾರಾಂತ್ಯದ ಕೋರ್ಸು ಮಾಡಿ ಬೋರ್ಡು ಹಾಕಿದವರನ್ನು ತಡೆಯುವ ಕಾನೂನು ಬಹುಕಾಲ ಇರಲಿಲ್ಲ. ಚಿಕಿತ್ಸಾ ಮನಶ್ಶಾಸ್ತ್ರಜ್ಞರು 1992ರ ಕಾಯ್ದೆಯಡಿ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಬೇಕು, ಮನೋವೈದ್ಯರು ವೈದ್ಯಕೀಯ ಪರಿಷತ್ತಿನಲ್ಲಿ. ಕೌನ್ಸೆಲರ್ ಎಂಬ ಹೆಸರು ಯಾರ ಲೆಕ್ಕಕ್ಕೂ ಸಿಗದೆ ಉಳಿದಿತ್ತು. 2021ರ ಸಹವರ್ತಿ ಆರೋಗ್ಯ ವೃತ್ತಿಗಳ ಕಾಯ್ದೆ ಅವರನ್ನೂ ಒಳಗೆ ತಂದಿದೆ. ಅದು ಬೇಗ ಪೂರ್ತಿ ಜಾರಿಯಾಗಲಿ ಎಂಬುದು ನನ್ನ ಪ್ರಾರ್ಥನೆ. ಯಾಕೆಂದರೆ ಗಂಡ ಹೊಡೆಯುತ್ತಾನೆಂದು ಅಳುತ್ತ ಹೋದ ಹುಡುಗಿಯೊಬ್ಬಳಿಗೆ ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಮ್ಮ, ಸಂಜೆ ನಗುನಗುತ್ತಾ ಇರು’ ಎಂದು ಹೇಳಿ, ಅವಳು ಹೇಳಿದ್ದನ್ನೆಲ್ಲ ಗಂಡನಿಗೇ ಫೋನ್ ಮಾಡಿ ತಿಳಿಸಿದ ಸಲಹೆಗಾರರೊಬ್ಬರನ್ನು ನಾನು ಬಲ್ಲೆ. ಆ ಹುಡುಗಿ ನಮ್ಮಲ್ಲಿಗೆ ಬಂದಾಗ ಮೊದಲು ಕೇಳಿದ್ದು, ‘ನೀವೂ ಅವರಿಗೆ ಹೇಳ್ತೀರಾ?’ ಎಂದು.

ಹಾಗಾಗಿ ಕೇಳಿದವರಿಗೆ ನಾನು ಬಿಡಿಸಿ ಹೇಳುತ್ತೇನೆ. ನಿದ್ದೆ ಊಟ ಪೂರ್ತಿ ಕೆಟ್ಟಿದ್ದರೆ, ಇಲ್ಲದ ದನಿ ಕೇಳುತ್ತಿದ್ದರೆ, ಸಾಯುವ ಯೋಚನೆ ಬರುತ್ತಿದ್ದರೆ ಮೊದಲು ಮನೋವೈದ್ಯರು. ಅಲ್ಲಿ ತಡ ಬೇಡ. ಹೊತ್ತಲ್ಲದ ಹೊತ್ತಿನಲ್ಲಿ ಟೆಲಿ ಮಾನಸ್ ಸಹಾಯವಾಣಿ, 14416, ಕನ್ನಡದಲ್ಲೇ ಮಾತಾಡುತ್ತಾರೆ; 2022ರ ಅಕ್ಟೋಬರಿನಿಂದ ನಡೆಯುತ್ತಿದೆ. ಹೆದರಿಕೆ, ಗೀಳು, ಹಳೆಯ ಪೆಟ್ಟಿನ ನೆನಪು ಕಾಡುತ್ತಿದ್ದರೆ ಚಿಕಿತ್ಸಾ ಮನಶ್ಶಾಸ್ತ್ರಜ್ಞರು, ಬೇಕಾದರೆ ಮದ್ದಿನ ಜೊತೆಗೆ. ಸಂಸಾರದ, ಪರೀಕ್ಷೆಯ, ಸಾವಿನ ದುಃಖದ ಭಾರವಾದರೆ ಒಳ್ಳೆಯ ಆಪ್ತಸಲಹೆಗಾರರೂ ಸಾಕು. ಯಾರೇ ಆಗಲಿ, ನೋಂದಣಿ ಕೇಳಿ, ಫೀಸು ಕೇಳಿ, ನಾನು ಹೇಳಿದ್ದು ಯಾರ ಕಿವಿಗೆ ಹೋಗುತ್ತದೆಂದು ಕೇಳಿ. ಈ ಪ್ರಶ್ನೆಗೆ ಮುಖ ಸಿಂಡರಿಸುವವರ ಹತ್ತಿರ ಎರಡನೆಯ ಸಲ ಹೋಗಬೇಡಿ. ಕೆಲವು ಭೇಟಿಗಳಾದರೂ ಒಳಗಿನ ಮಾತು ಬಾಯಿಗೆ ಬರುತ್ತಿಲ್ಲವೆಂದರೆ ಅವರಿಗೇ ಹಾಗೆಂದು ಹೇಳಿ. ಒಳ್ಳೆಯವರಾದರೆ ಅವರೇ ಇನ್ನೊಬ್ಬರ ಹೆಸರು ಕೊಡುತ್ತಾರೆ.

ದೇವಸ್ಥಾನ, ದರ್ಗಾಗಳ ಬಗ್ಗೆ ಕೇಳಿದರೆ ಎರಡು ಸಂಗತಿ ಒಟ್ಟಿಗೇ ಹೇಳುತ್ತೇನೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರವಾಡಿಯಲ್ಲಿ, ದರ್ಗಾಕ್ಕೆ ಹರಕೆ ಹೊತ್ತು ಬಂದವರನ್ನು ಇರಿಸಿಕೊಂಡಿದ್ದ ಒಂದು ಖಾಸಗಿ ಆಶ್ರಯಕ್ಕೆ ಬೆಂಕಿ ಬಿದ್ದು, ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ಜನ ಓಡಲಾಗದೆ ಸತ್ತರು. ಮರುವರ್ಷ ನಿಮ್ಹಾನ್ಸಿನ ಡಾ. ಆರ್. ರಘುರಾಂ ಮತ್ತು ಜೊತೆಗಾರರು ಅದೇ ತಮಿಳುನಾಡಿನ ಮುತ್ತುಸ್ವಾಮಿ ದೇವಸ್ಥಾನದ ಬಗ್ಗೆ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಬರೆದರು. ಅಲ್ಲಿ ಕೆಲವು ವಾರ ಉಳಿದಿದ್ದ 31 ಮಂದಿಯ ರೋಗಲಕ್ಷಣ, ಅಳತೆಪಟ್ಟಿ ಹಿಡಿದು ನೋಡಿದಾಗ, ಸುಮಾರು ಐದನೆಯ ಒಂದು ಪಾಲು ಇಳಿದಿತ್ತು. ಅಲ್ಲಿ ವಿಶೇಷ ಮಂತ್ರ ತಂತ್ರ ಏನೂ ಇರಲಿಲ್ಲ. ಕಸ ಗುಡಿಸುವುದು, ಗಿಡಕ್ಕೆ ನೀರು ಹಾಕುವಂಥ ಕೆಲಸ, ಜೊತೆಗೊಬ್ಬ ಬಂಧು, ಹೀಯಾಳಿಸದ ಜನ. ಮದ್ದು ಬಿಡಿಸದ, ಕಟ್ಟಿಹಾಕದ, ಹೊಡೆಯದ ಜಾಗಕ್ಕೆ ಹೋಗುತ್ತೇವೆಂದರೆ ನಾನು ತಡೆಯುವುದಿಲ್ಲ. ಸರಪಳಿ ಕಂಡರೆ ಪೊಲೀಸರಿಗೆ ಹೇಳಿ ಎನ್ನುತ್ತೇನೆ; ಈಗ ಅದು ಕಾನೂನಿನಲ್ಲೇ ನಿಷಿದ್ಧ.

ಆ ನಿಷೇಧ ತಂದದ್ದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2018ರ ಮೇ ತಿಂಗಳಿನಿಂದ ಜಾರಿಯಲ್ಲಿದೆ. ಅದರ 5ನೆಯ ಕಲಂ ಓದಿದ ದಿನ ನನಗಾದ ಸಂತೋಷ ಇಷ್ಟಿಷ್ಟಲ್ಲ. ವಯಸ್ಕರಾದ ಯಾರೇ ಆಗಲಿ, ನಾಳೆ ತಮ್ಮ ಮನಸ್ಸು ತಮ್ಮ ಹಿಡಿತ ತಪ್ಪಿದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತಮ್ಮ ಪರವಾಗಿ ಯಾರು ಮಾತಾಡಬೇಕು ಎಂದು ಇವತ್ತೇ ಬರೆದಿಡಬಹುದು. ಮ್ಯಾಜಿಸ್ಟ್ರೇಟರ ಆರ್ಡರಿನಿಂದ ಇಲ್ಲಿಗೆ ಬರಲು ನೂರು ವರ್ಷಕ್ಕೂ ಮೇಲೆ ಹಿಡಿಯಿತು. ಕಾಯ್ದೆಗೆ ಕೊರತೆಗಳಿವೆ, ರಾಜ್ಯದಲ್ಲಿ ಅದನ್ನು ಬಲ್ಲವರೇ ಕಡಿಮೆ. ನಾನಂತೂ ನನ್ನದನ್ನು ಸಾಕ್ಷಿಗಳ ಸಹಿ ಹಾಕಿಸಿ ಬರೆದಿಟ್ಟಿದ್ದೇನೆ. ನನ್ನ ಪರವಾಗಿ ಮಾತಾಡಬೇಕಾದವಳು ನನ್ನ ತಂಗಿಯ ಮಗಳು, ಮಗನಲ್ಲ. ಅವನಿಗೆ ನನ್ನನ್ನು ಬೇಸರಪಡಿಸಲು ಬಾರದು, ಅವಳಿಗೆ ಬರುತ್ತದೆ. ನನ್ನನ್ನು ನೋಡುವ ಡಾಕ್ಟರಿಗೆ ಕನ್ನಡ ಬರಬೇಕು. ಮದ್ದು ಬೇಕಾದರೆ ಕೊಡಲಿ, ಶಾಕ್ ಚಿಕಿತ್ಸೆ ಬೇಕಾದರೆ ಅರಿವಳಿಕೆ ಕೊಟ್ಟೇ ಮಾಡಲಿ. ಕೋಣೆಯಲ್ಲಿ ಒಬ್ಬಳನ್ನೇ ಕೂಡಿಹಾಕುವುದು ಬೇಡ. ಮತ್ತು ಯಾವ ಹೊತ್ತಿನಲ್ಲಿ ಹೇಗಿದ್ದರೂ ಮೊದಲು ನನ್ನನ್ನೇ ಕೇಳಬೇಕು, ನನ್ನ ಉತ್ತರ ಅರ್ಥವಾಗದಿದ್ದರೂ ಕೇಳಬೇಕು ಎಂದು ಕೊನೆಯ ಸಾಲಿನಲ್ಲಿ ಬರೆದಿದ್ದೇನೆ.